ಅಮೆರಿಕದ ವಿದೇಶಾಂಗ ನೀತಿ ಬಗ್ಗೆ ಮಕ್ಕಳು ಕೇಳಿದರೆ ಏನು ಹೇಳುವುದು?

"ಅಮೆರಿಕ ಪ್ರಜಾಪ್ರಭುತ್ವದ ಪರ ಅಂತಾರೆ, ಹಾಗಿದ್ದರೆ 1971ರಲ್ಲಿ ಪಾಕಿಸ್ತಾನದ ಮಿಲಿಟರಿ ಆಡಳಿತದ ಬೆನ್ನಿಗೆ ನಿಂತಿದ್ದು ಯಾಕೆ?" ಅಂತ ಹೈಸ್ಕೂಲಿನ ಮಗ ಕೇಳಿದ, ಏನು ಹೇಳಲಿ ಎಂದು ಒಬ್ಬರು ಕೇಳಿದ್ದೀರಿ. ದಯವಿಟ್ಟು "ಅದೆಲ್ಲ ರಾಜಕೀಯ, ನೀನು ಓದಿಕೋ" ಅಂತ ಬಾಯಿ ಮುಚ್ಚಿಸಬೇಡಿ. ನಾಳೆ ಇಲ್ಲೇ, ಅಮೆರಿಕದಲ್ಲೇ ವೋಟು ಹಾಕುವ ಹುಡುಗ ಅವನು.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಗುರಿಗಳು ಹೆಚ್ಚುಕಡಿಮೆ ಇವೇ. ತನ್ನ ಭದ್ರತೆ, ವ್ಯಾಪಾರ, ಎದುರಾಳಿ ದೇಶ ತನ್ನನ್ನು ಮೀರದ ಹಾಗೆ ನೋಡಿಕೊಳ್ಳುವುದು, ಜೊತೆಗೆ ಪ್ರಜಾಪ್ರಭುತ್ವ. ಯಾವುದೂ ಸುಳ್ಳಲ್ಲ. ಆದರೆ ಒಂದಕ್ಕೊಂದು ಅಡ್ಡ ಬಂದಾಗ ಯಾವುದನ್ನು ಕೈಬಿಡುತ್ತಾರೆ ಅನ್ನುವುದನ್ನು ನೋಡಬೇಕು, ಅಲ್ವಾ? 1971ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಸೋವಿಯತ್ ಒಕ್ಕೂಟದ ಎದುರು ಚೀನಾದ ಸ್ನೇಹ ಬೇಕಿತ್ತು. ಮಧ್ಯಸ್ಥಿಕೆಗೆ ಇದ್ದವರು ಪಾಕಿಸ್ತಾನದ ಮಿಲಿಟರಿ ಆಡಳಿತಗಾರ ಯಾಹ್ಯಾ ಖಾನ್. ಜುಲೈನಲ್ಲಿ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಗುಟ್ಟಾಗಿ ಬೀಜಿಂಗ್‌ಗೆ ಹಾರಿದ್ದೂ ಪಾಕಿಸ್ತಾನದಿಂದಲೇ. ಹಾಗಾಗಿ ಪೂರ್ವ ಬಂಗಾಳದಲ್ಲಿ (ಈಗಿನ ಬಾಂಗ್ಲಾದೇಶ) ಪಾಕಿಸ್ತಾನದ ಸೇನೆಯ ಕೈಯಲ್ಲಿ ಅಷ್ಟೊಂದು ಜನ ಸಾಯುತ್ತಿದ್ದರೂ ವಾಷಿಂಗ್ಟನ್ ಬಹಿರಂಗವಾಗಿ ಖಂಡಿಸಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದರೆ ಮಾತ್ರ ಅರ್ಧ ಕಥೆ. ಢಾಕಾದಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿದ್ದವರು ಆರ್ಚರ್ ಬ್ಲಡ್. ಅವರ ಕಚೇರಿಯಿಂದ ಏಪ್ರಿಲ್ 6ರಂದು ಒಂದು ಟೆಲಿಗ್ರಾಂ ಹೋಯಿತು. ನಮ್ಮ ಸರ್ಕಾರ ಈ ದೌರ್ಜನ್ಯವನ್ನು ಖಂಡಿಸಲಿಲ್ಲ, ಈ ನೀತಿಯನ್ನು ನಾವು ಒಪ್ಪುವುದಿಲ್ಲ ಅಂತ ನೇರವಾಗಿ ಬರೆದು 20 ಅಮೆರಿಕನ್ನರು ಸಹಿ ಹಾಕಿದ್ದರು. ಬ್ಲಡ್ ಅವರನ್ನು ಢಾಕಾದಿಂದ ವಾಪಸ್ ಕರೆಸಿಕೊಂಡರು. ಸರ್ಕಾರದ ಒಳಗಿದ್ದೇ ಹೀಗೆ ಎದ್ದು ನಿಂತವರೂ ಇದ್ದರು ಅಂತ ಮಕ್ಕಳಿಗೆ ಗೊತ್ತಾಗಲೇಬೇಕು.

ಇನ್ನೊಂದು ವಿಷಯ. ನಾವು ಇಲ್ಲಿ ನೆಲೆಸಿರುವುದಕ್ಕೂ ಈ ನೀತಿಗೂ ನಂಟಿದೆ. 1946ರ ಅಮೆರಿಕದ ವಲಸೆ ಕಾನೂನಿನಲ್ಲಿ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ ಬರೀ 100 ಜನರ ಕೋಟಾ. ಏಷ್ಯಾ, ಆಫ್ರಿಕಾದಲ್ಲಿ ಒಂದೊಂದೇ ದೇಶ ಸ್ವತಂತ್ರವಾಗುತ್ತಿದ್ದಾಗ, ಅವು ಸೋವಿಯತ್ ಕಡೆ ವಾಲಬಾರದು ಅಂತ ಓಲೈಸುತ್ತಿದ್ದ ಅಮೆರಿಕಕ್ಕೆ ಈ ತಾರತಮ್ಯ ಮುಜುಗರ ತರುತ್ತಿತ್ತು. ಹಳೇ ಕೋಟಾದಿಂದ ಹೊರದೇಶಗಳ ಜೊತೆಗಿನ ಸಂಬಂಧಕ್ಕೆ ಪೆಟ್ಟು ಬೀಳುತ್ತಿದೆ ಎಂದು ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಕಾಂಗ್ರೆಸ್ಸಿನ ಮುಂದೆಯೇ ವಾದಿಸಿದರು. ನಾಗರಿಕ ಹಕ್ಕುಗಳ ಹೋರಾಟದ ಪಾಲು ಇದರಲ್ಲಿ ತುಂಬಾ ದೊಡ್ಡದು, ಅದನ್ನು ಮರೆಯಬಾರದು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಈ ಹಳೇ ಕೋಟಾ ತೆಗೆದುಹಾಕುವ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ನಮ್ಮ ಎಂಜಿನಿಯರು, ಡಾಕ್ಟರುಗಳಿಗೆ ಬಾಗಿಲು ತೆರೆದದ್ದು ಆಮೇಲೆ.

ಬ್ಲಡ್ ಟೆಲಿಗ್ರಾಂ ಈಗ ಗುಟ್ಟಿನ ಕಾಗದವಲ್ಲ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ವಾಟ್ಸಾಪ್ ಫಾರ್ವರ್ಡ್ ತೋರಿಸುವ ಬದಲು ಮಗನ ಜೊತೆ ಕೂತು ಅದನ್ನೇ ಓದಿ. ತುಂಬಾ ಉದ್ದವೂ ಇಲ್ಲ.