ಎಲ್ ನಿನೊ: ಗಲಾಪಗೋಸ್‌ನಲ್ಲಿ ನೆಲಕ್ಕೆ ಸುಗ್ಗಿ, ಕಡಲಿಗೆ ಬರ ಯಾಕೆ?

ಸಿಂಧನೂರು ಮಾಸ್ತರ್: ಎಲ್ ನಿನೊ, ಅಂದ್ರೆ ಪೆಸಿಫಿಕ್ ಕಡಲಿನ ಮೇಲ್ನೀರು ವಾಡಿಕೆಗಿಂತ ಬೆಚ್ಚಗಾಗೋ ವರ್ಷ, ಬಂತಂದ್ರೆ ನಮ್ಮಲ್ಲಿ ತುಂಗಭದ್ರಾ ಡ್ಯಾಮ್ ತುಂಬೀತೋ ಇಲ್ಲೋ ಅನ್ನೋ ಚಿಂತೆ. ಅದೇ ಪೆಸಿಫಿಕ್‌ನ ಗಲಾಪಗೋಸ್ ದ್ವೀಪಗಳಲ್ಲಿ ಆ ವರ್ಷ ಜೋರು ಮಳೆ. ಫಿಂಚ್ ಹಕ್ಕಿ ಮರಿ ಮೇಲೆ ಮರಿ ಮಾಡ್ತಾವ, ಪೆಂಗ್ವಿನ್ ಸಾಯ್ತಾವ. ಒಂದೇ ಜಾಗದಾಗ ಹೀಗ್ಯಾಕ್ರಿ? ಒಂಬತ್ತನೇ ಕ್ಲಾಸಿಗೆ ತೋರಿಸೋ ಪ್ರಯೋಗ ಐತೇನು?

ಕಪ್ಪುಮಣ್ಣು: ಫಿಂಚ್ ಉಣ್ಣೋದು ಬೀಜ, ಬೀಜಕ್ಕೆ ಮಳೆ ಬೇಕು. 1977ರ ಬರದಲ್ಲಿ ಅಲ್ಲಿನ ಡಾಫ್ನಿ ಮೇಜರ್ ದ್ವೀಪದ ಮಧ್ಯಮ ನೆಲಫಿಂಚ್‌ಗಳಲ್ಲಿ ಸುಮಾರು 85% ಕಡಿಮೆಯಾದವು. ಪೆಂಗ್ವಿನ್ ಉಣ್ಣೋದು ಸಣ್ಣ ಮೀನು. ಮೀನಿಗೆ ಸೂಕ್ಷ್ಮಪಾಚಿ, ಪಾಚಿಗೆ ಆಳದ ತಣ್ಣೀರಿನ ನೈಟ್ರೇಟ್, ಫಾಸ್ಫೇಟ್ ಬೇಕು. ಎಲ್ ನಿನೊದಲ್ಲಿ ಪೂರ್ವದಿಂದ ಬೀಸುವ ಗಾಳಿ ಸೋತು ಬೆಚ್ಚನೆ ನೀರಿನ ಪದರ ದಪ್ಪಗಾಗುತ್ತದೆ, ಗೊಬ್ಬರ ಕೆಳಗೇ ಉಳಿಯುತ್ತದೆ. 1982-83ರಲ್ಲಿ ಪೆಂಗ್ವಿನ್ ಸುಮಾರು 77% ಇಳಿದವು. ಕಡಲ ಇಗ್ವಾನಾ ಅನ್ನೋ ದೊಡ್ಡ ಹಲ್ಲಿಗಳಿಗೂ ಒಗ್ಗುವ ಪಾಚಿ ಸಿಗದೆ ಅವುಗಳ ಉದ್ದವೇ 20%ವರೆಗೆ ಕುಗ್ಗುತ್ತದೆ! ಬರೀ ತೂಕ ಅಲ್ಲ, ಉದ್ದ.

ಇನ್ನೊಂದು: ಆ ಕಡಲಲ್ಲಿ ನೈಟ್ರೇಟ್ ಇದ್ದೂ ಕಬ್ಬಿಣ ಸಾಲದು. ಗದ್ದೆಗೆ ಯೂರಿಯಾ ಸುರಿದು ಜಿಂಕ್ ಮರೆತ ಹಾಗೆ. ದ್ವೀಪದ ಅಂಚಿನಿಂದ ಕಬ್ಬಿಣ ಸಿಗುವುದರಿಂದಲೇ ಸುತ್ತಲ ನೀರಿನಲ್ಲಿ ಪಾಚಿ ಹೆಚ್ಚು.

ಲ್ಯಾಬ್ ಟೇಬಲ್: 60 ಸೆಂ.ಮೀ. ಮೀನಿನ ತೊಟ್ಟಿ ತಗೊಳ್ಳಿ. ಲೀಟರಿಗೆ 5 ಗ್ರಾಂ ಉಪ್ಪು, ನೀಲಿ ಇಂಕು ಬೆರೆಸಿ 8 ಸೆಂ.ಮೀ. ತುಂಬಿರಿ. ಮೇಲೆ ಸ್ಪಂಜು ತೇಲಿಬಿಟ್ಟು ಅದರ ಮೇಲೆ ಸಿಹಿನೀರನ್ನು ಸಣ್ಣ ಧಾರೆಯಾಗಿ 4 ಸೆಂ.ಮೀ. ಬಿಡಿ. ನೀಲಿ ಅಂದರೆ ಆಳದ ತಣ್ಣೀರು, ಮೇಲಿನದು ಬೆಚ್ಚನೆ ನೀರು. ಬಲಗಡೆ, ಅಂದರೆ 'ಪೂರ್ವ'ದಿಂದ, ಟೇಬಲ್ ಫ್ಯಾನ್ ಹಾಕಿದರೆ ಬಲ ಅಂಚಿನಲ್ಲೇ ನೀಲಿ ಮೇಲೇಳುತ್ತದೆ. ಆರಿಸಿದರೆ ಇಳಿಯುತ್ತದೆ, ಅದೇ ಎಲ್ ನಿನೊ. ಉಪ್ಪು 15 ಗ್ರಾಂ ಆದರೆ ಪದರ ಅಲುಗುವುದೇ ಕಷ್ಟ. ಫ್ಯಾನ್ ಜೋರಾದರೆ ಎರಡೂ ಕಲಸಿಹೋಗುತ್ತವೆ. ಎರಡೂ ಪದರಕ್ಕೆ ಒಂದೇ ಮೂಲದ ನೀರಿರಲಿ. ಉಪ್ಪು ಬೋರ್ ನೀರು ಮೇಲೆ ಹಾಕಿದರೆ ಲೆಕ್ಕ ಕೆಡುತ್ತದೆ.

ಕಪ್ಪುಮಣ್ಣು: ಪ್ರಯೋಗ ಚೆನ್ನಾಗೈತಿ, ಆದರೆ ಅದು ಗಾಳಿಯ ಕಥೆ ಮಾತ್ರ. ಹೆಚ್ಚಿನ ಪೆಂಗ್ವಿನ್ ಇರೋದು ಫರ್ನಾಂಡಿನಾ ದ್ವೀಪ, ಇಸಬೆಲಾ ದ್ವೀಪದ ಪಶ್ಚಿಮದಲ್ಲಿ. ಅಲ್ಲಿಗೆ ತಣ್ಣೀರು ಬರೋದು ಕ್ರಾಮ್‌ವೆಲ್ ಒಳಪ್ರವಾಹದಿಂದ: ಕೆಳಗೆ ಪಶ್ಚಿಮದಿಂದ ಪೂರ್ವಕ್ಕೆ ಹರಿದು, ದ್ವೀಪಕ್ಕೆ ಬಡಿದು ಮೇಲೇಳುತ್ತದೆ. ಎಲ್ ನಿನೊದಲ್ಲಿ ಅದೂ ಸೊರಗುತ್ತದೆ. ಇದನ್ನು ಬೋರ್ಡ್ ಮೇಲೆ ಬರೆದೇ ತೋರಿಸಬೇಕು.

ಸಿಂಧನೂರು ಮಾಸ್ತರ್: ಫ್ಯಾನ್ ಬದಲು ಹೇರ್ ಡ್ರೈಯರ್ ನಡೀತದೇನ್ರಿ?

ಲ್ಯಾಬ್ ಟೇಬಲ್: ಬೇಡ್ರಿ. ಕೈ ಜಾರಿ ನೀರಿಗೆ ಬಿದ್ದರೆ ಕರೆಂಟ್. ಫ್ಯಾನನ್ನೇ ಒಂದು ಮೀಟರ್ ದೂರ ಇಟ್ಟು ಒಂದನೇ ಸ್ಪೀಡಿನಿಂದ ಶುರು ಮಾಡಿ.