ಟಾಕಿ, ಟಾಕೀಸು, ಮೂಕಿ: ಯಾವುದಕ್ಕೆ ಯಾವುದು?

ಎಲ್ಲರಿಗೂ ನಮಸ್ಕಾರ.

ಸಿನಿಮಾದ ಶುರುವಿನ ದಿನಗಳ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಬರೆದ ಒಂದು ಚಿಕ್ಕ ಪುಸ್ತಕದ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ಒಂದು ಕಡೆ ‘1934ರ ಸತಿ ಸುಲೋಚನ ಕನ್ನಡದ ಮೊದಲ ಟಾಕೀಸ್’ ಅಂತಿದೆ. ನಾಲ್ಕು ಪುಟ ದಾಟಿದರೆ ‘ಆ ಟಾಕಿಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು’ ಅಂತಿದೆ. ನನ್ನ ಪ್ರಕಾರ ಎರಡೂ ಅದಲುಬದಲಾಗಿವೆ. ಟಾಕಿ ಅಂದರೆ ಮಾತಾಡುವ ಚಿತ್ರ, ಟಾಕೀಸು ಅಂದರೆ ಅದನ್ನು ತೋರಿಸುವ ಜಾಗ. ಒಪ್ತೀರಾ?

ಇಂಗ್ಲಿಷಿನಲ್ಲಿ ಒಂದು ಏಕವಚನ, ಇನ್ನೊಂದು ಬಹುವಚನ, ಅಷ್ಟೇ. ನಾವು ಆ ಬಹುವಚನವನ್ನೇ ಬೇರೆ ಪದ ಮಾಡಿಕೊಂಡು, ಬೇರೆ ಅರ್ಥವನ್ನೂ ಕೊಟ್ಟಿದ್ದೇವೆ. ಸಾಕ್ಸು, ಬೂಟ್ಸು ಬಂದ ದಾರಿಯೂ ಇದೇ ಅಲ್ವಾ? ಒಂದೇ ಕಾಲಿನದಾದರೂ ‘ಒಂದು ಸಾಕ್ಸು ಸಿಗ್ತಿಲ್ಲ’ ಅಂತೀವಿ. ಹಾಗೇ ‘ಊರಿಗೆ ಒಂದೇ ಟಾಕೀಸು’, ‘ಟಾಕೀಸಿಗೆ ಹೋದ’, ‘ಟಾಕೀಸುಗಳು ಮುಚ್ಚಿದವು’. ಇದು ಪೂರ್ತಿ ಕನ್ನಡದ ಪದವೇ ಆಗಿಹೋಗಿದೆ. ತಪ್ಪು ಅಂತ ತಿದ್ದುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಚಿತ್ರದ ಹೆಸರು ಕಟ್ಟಡಕ್ಕೆ ಅಂಟಿಕೊಳ್ಳಲು ಒಂದು ಕಾರಣ ಯಂತ್ರದಲ್ಲೇ ಇದೆ ಅನಿಸುತ್ತದೆ. ಮಾತಿಲ್ಲದ ಚಿತ್ರವನ್ನು ಹಿಡಿಕೆ ತಿರುಗಿಸಿ ಓಡಿಸಬಹುದಿತ್ತು. ಕೈ ಸ್ವಲ್ಪ ಜೋರಾದರೆ ಪರದೆಯ ಮೇಲಿನ ಜನ ಚುರುಕಾಗಿ ನಡೆಯುತ್ತಿದ್ದರು, ಅಷ್ಟೇ. ಮಾತು ಬಂದಮೇಲೆ ಅದು ನಡೆಯಲಿಲ್ಲ. ರೀಲಿನ ಒಂದು ಅಂಚಿನಲ್ಲಿ ಸಣ್ಣ ಪಟ್ಟಿಯಾಗಿ ಧ್ವನಿ ಅಚ್ಚಾಗಿರುತ್ತದೆ. ಪ್ರೊಜೆಕ್ಟರಿನೊಳಗೆ ಒಂದು ಪುಟ್ಟ ದೀಪದ ಬೆಳಕು ಆ ಪಟ್ಟಿಯನ್ನು ಹಾದು ಹೋಗುತ್ತದೆ. ಪಟ್ಟಿ ಎಲ್ಲಿ ಕಪ್ಪು, ಎಲ್ಲಿ ತಿಳಿ ಅನ್ನುವುದರ ಮೇಲೆ ಬೆಳಕು ಹೆಚ್ಚು ಕಡಿಮೆಯಾಗಿ, ಅದೇ ವಿದ್ಯುತ್ತಾಗಿ, ಸ್ಪೀಕರಿನಲ್ಲಿ ಮಾತಾಗುತ್ತದೆ. ಸೆಕೆಂಡಿಗೆ 24 ಚೌಕಟ್ಟು ಸರಿಯಾಗಿ ಓಡಲೇಬೇಕು. ವೇಗ ತಪ್ಪಿದರೆ ಗಂಡಸಿನ ದನಿ ಕೀರಲಾಗುತ್ತದೆ, ಇಲ್ಲವೇ ಗೊಗ್ಗರಾಗುತ್ತದೆ. ಹಾಗಾಗಿ ಮೋಟಾರು, ಆಂಪ್ಲಿಫೈಯರು, ಪರದೆಯ ಹಿಂದೆ ಸ್ಪೀಕರು ಎಲ್ಲಾ ಬೇಕಾಯಿತು. ಇಷ್ಟೆಲ್ಲಾ ದುಡ್ಡು ಹಾಕಿದ ಮಾಲೀಕ ‘ಇಲ್ಲಿ ಮಾತಾಡುವ ಚಿತ್ರ ನೋಡಬಹುದು’ ಅನ್ನುವುದನ್ನು ಬೋರ್ಡಿನಲ್ಲೇ ಹೇಳಿದ: ಇಂಥಾ ಟಾಕೀಸ್, ಅಂಥಾ ಟಾಕೀಸ್. ಆಮೇಲೆ ಮಾತಾಡುವುದು ಯಾರಿಗೂ ಹೊಸದಾಗಿ ಉಳಿಯಲಿಲ್ಲ. ಹೆಸರು ಮಾತ್ರ ಗೋಡೆಯ ಮೇಲೆ ಉಳಿಯಿತು.

ಚಿತ್ರ ತೆಗೆಯುವವರೂ ಈ ಪದ ಇಟ್ಟುಕೊಂಡಿದ್ದರು. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಕಟ್ಟಿದ ಬಾಂಬೆ ಟಾಕೀಸ್ ಥಿಯೇಟರಲ್ಲ, ಸ್ಟುಡಿಯೊ. ನಮ್ಮ ಕರಡಿನಲ್ಲಿ ಅದನ್ನೂ ‘ಚಿತ್ರಮಂದಿರ’ ಅಂತ ಬರೆದಿದ್ದಾರೆ. ಸತಿ ಸುಲೋಚನ ತೆಗೆದ ಕಂಪನಿಯ ಹೆಸರು ಸೌತ್ ಇಂಡಿಯಾ ಮೂವಿಟೋನ್. ಅದನ್ನು ಚಿತ್ರೀಕರಿಸಿದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ. ಈ ‘ಟೋನ್’ ಬಾಲವೂ ಧ್ವನಿ ಬಂದ ಹೆಮ್ಮೆಯದ್ದೇ. ಅದು ಮಾತ್ರ ಜನರ ಬಾಯಿಗೆ ಬರಲಿಲ್ಲ.

ಇನ್ನು ಮೂಕಿ, ಅಂದರೆ ಮಾತಿಲ್ಲದ ಚಿತ್ರ. ಕರಡಿನಲ್ಲಿ 1913ರ ಮುಂಬೈ ಪ್ರೇಕ್ಷಕನೊಬ್ಬ ಫಾಲ್ಕೆಯವರ ರಾಜಾ ಹರಿಶ್ಚಂದ್ರಕ್ಕೆ ಹೊರಟು ‘ಮೂಕಿ ನೋಡೋಣ ಬಾ’ ಅನ್ನುತ್ತಾನೆ. ಇದು ನನಗೆ ಸರಿಕಾಣುವುದಿಲ್ಲ. ನಮ್ಮ ದೇಶದಲ್ಲಿ ತೆಗೆದ ಮೊದಲ ಟಾಕಿ ಆಲಂ ಆರಾ ಬಿಡುಗಡೆಯಾದದ್ದು 1931ರ ಮಾರ್ಚ್ 14ರಂದು, ಮುಂಬೈಯ ಮೆಜೆಸ್ಟಿಕ್ಕಿನಲ್ಲಿ. (ನಮ್ಮ ಬೆಂಗಳೂರಿನ ಮೆಜೆಸ್ಟಿಕ್ಕಿಗೂ ಥಿಯೇಟರಿನಿಂದಲೇ ಹೆಸರು ಬಂದದ್ದು, ಆದರೆ ಆ ಥಿಯೇಟರು ಬೇರೆ.) ಅದಕ್ಕೆ ಮೊದಲು ಇಲ್ಲಿ ತೆಗೆದ ಚಿತ್ರಗಳಿಗೆಲ್ಲ ಮಾತೇ ಇರಲಿಲ್ಲ. ಬಯಸ್ಕೋಪು, ಸಿನಿಮಾ ಅಂದರೆ ಸಾಕಿತ್ತು. ಟಾಕಿ ಬಂದಮೇಲಲ್ಲವೇ ಹಳೆಯದಕ್ಕೊಂದು ಗುರುತು ಬೇಕಾದದ್ದು? ಮೊಬೈಲು ಬಂದಮೇಲೆ ಮನೆಯ ಫೋನು ‘ಲ್ಯಾಂಡ್‌ಲೈನ್’ ಆದಹಾಗೆ. ಟಾಕಿಗೆ ಪ್ರಾಸವಾಗಿ ‘ಮೂಕ’ಕ್ಕೆ ಇಕಾರ ಹಚ್ಚಿ ಮೂಕಿ ಮಾಡಿರಬೇಕು ಅಂತ ನನ್ನ ಊಹೆ. ಚೆಂದದ ಪದ. ಆದರೆ ಮೂಕ ಹೆಂಗಸು ಅನ್ನುವ ಅರ್ಥವೂ ಬರುವುದರಿಂದ ಮಕ್ಕಳ ಪುಸ್ತಕದಲ್ಲಿ ‘ಮೂಕಿ ಚಿತ್ರ’ ಅಂತ ಜೋಡಿಸಿಯೇ ಬರೆಯುವುದು ವಾಸಿ. ಗುಬ್ಬಿ ವೀರಣ್ಣನವರು ಮೂಕಿ ಚಿತ್ರ ತೆಗೆದರು, ಹೀಗೆ.

‘ವಾಕ್ಚಿತ್ರ’ವನ್ನು ಪಾಠದ ಪುಸ್ತಕಗಳು ಬಿಡುವುದಿಲ್ಲ, ಒಂದು ಸಲ ಹೇಳಿಕೊಟ್ಟು ಮುಂದೆ ಟಾಕಿ ಅಂತಲೇ ಬಳಸೋಣ ಅಂದುಕೊಂಡಿದ್ದೇನೆ.

ನಿಮ್ಮಿಂದ ಮುಖ್ಯವಾಗಿ ಬೇಕಾದದ್ದು ಬೇರೆ ಒಂದು ಪದ. ಮೂಕಿ ಚಿತ್ರದಲ್ಲಿ ನಡುನಡುವೆ ಬರಹ ಬರುತ್ತಿತ್ತಲ್ಲ, ಓದು ಬಾರದವರೇ ಜಾಸ್ತಿ ಇದ್ದ ಕಾಲದಲ್ಲಿ ಅದನ್ನು ಪರದೆಯ ಪಕ್ಕ ನಿಂತು ಗಟ್ಟಿಯಾಗಿ ಓದಿ, ಕಥೆ ಬಿಡಿಸಿ ಹೇಳುವವರು ಇರುತ್ತಿದ್ದರು. ಜಪಾನಿನಲ್ಲಿ ಅವರಿಗೆ ಬೆನ್ಶಿ ಅಂತ ಹೆಸರು. ನಟರಷ್ಟೇ ಹೆಸರುವಾಸಿಯಾದ ಬೆನ್ಶಿಗಳೂ ಇದ್ದರು. ನಮ್ಮ ಕಡೆ ಅವರನ್ನು ಏನಂತ ಕರೆಯುತ್ತಿದ್ದರು? ಕರಡಿನಲ್ಲಿ ‘ನಿರೂಪಕ’ ಅಂತಿದೆ, ನನಗೆ ಅದು ಟಿವಿಯ ಪದ ಅನಿಸುತ್ತದೆ. ಮನೆಯ ಹಿರಿಯರಿಂದ ಕೇಳಿದ್ದರೆ, ಅಥವಾ ಹಳೆಯ ಪತ್ರಿಕೆಯಲ್ಲಿ ಕಂಡಿದ್ದರೆ, ಯಾವ ಊರಿನ ಕಡೆ ಅನ್ನುವುದನ್ನೂ ಸೇರಿಸಿ ದಯವಿಟ್ಟು ಬರೆಯಿರಿ. ಟೂರಿಂಗ್ ಟಾಕೀಸಿಗೆ ನಿಮ್ಮಲ್ಲಿ ‘ಟೆಂಟು’ ಅಂತಿದ್ದರೋ, ಬೇರೇನಾದರೂ ಇತ್ತೋ, ಅದನ್ನೂ ತಿಳಿಸಿ.