ದಂಡಿನ ಕಾಲದ ವಿಲಾಯಿತಿ ಹುಂಡಿ: ಒಂದೇ ಹಣಕ್ಕೆ ಮೂರು ಕಾಗದ ಯಾಕೆ?

ಹಲಸೂರು ಓದುಗ:
1830ರ ಆಸುಪಾಸಿನಲ್ಲಿ ಬೆಂಗಳೂರು ದಂಡಿನ ಅಧಿಕಾರಿಗಳು ಲಂಡನ್ನಿನ ಮನೆಯವರಿಗೆ ದುಡ್ಡು ಕಳಿಸುವಾಗ ಮೂರು ಬಿಲ್ (ಇಂಥವರಿಗೆ ಇಷ್ಟು ಹಣ ಕೊಡಿ ಅಂತ ಬರೆದ ಹುಂಡಿ) ಬರೆಸ್ತಿದ್ರಂತೆ. ಅಂದ್ರೆ ಮೂರು ಕಂತಾ?

ಹಳೇಕಡತ:
ಅಲ್ಲ, ಹಣ ಒಂದೇ. ಮದರಾಸಿನ ಏಜೆನ್ಸಿ ಮನೆಗೆ (ವ್ಯಾಪಾರದ ಜೊತೆ ಹಣದ ವ್ಯವಹಾರವನ್ನೂ ನೋಡಿಕೊಳ್ಳುವ ಕಂಪನಿ) ರೂಪಾಯಿ ಕಟ್ಟಿದರೆ, ಅವರು ತಮ್ಮ ಲಂಡನ್ ವ್ಯಾಪಾರಿಯ ಮೇಲೆ ಪೌಂಡಿನಲ್ಲಿ ಹುಂಡಿ ಬರೆದುಕೊಡೋರು. ಮೂರು ಪ್ರತಿ, ಬೇರೆ ಬೇರೆ ಹಡಗಿಗೆ. ಗುಡ್‌ಹೋಪ್ ಭೂಶಿರ ಸುತ್ತಿ ಹೋಗೋಕೆ ತಿಂಗಳುಗಟ್ಟಲೆ. ಒಂದು ಹಡಗು ಮುಳುಗಿದರೂ ಇನ್ನೊಂದು ತಲುಪಲಿ ಅಂತ. ಮೊದಲ ಪ್ರತಿಯಲ್ಲೇ ‘ಇದೇ ತಾರೀಕಿನ ಎರಡನೆಯದು, ಮೂರನೆಯದು ಪಾವತಿ ಆಗಿರದಿದ್ದರೆ ಇದಕ್ಕೆ ಹಣ ಕೊಡಿ’ ಅಂತ ಇರುತ್ತೆ. ಆ ಸಾಲು ನೋಡಿ, ಗೊಂದಲ ಬಗೆಹರಿಯುತ್ತೆ.

ಚಾಮರಾಜಪೇಟೆ:
ಕಾಗದ ತಲುಪಿದ ದಿನವೇ ದುಡ್ಡು ಸಿಗ್ತಿರಲಿಲ್ಲ. ‘ತೋರಿಸಿದ 60 ದಿನಕ್ಕೆ’ ಅಂತಿದ್ದರೆ, ವ್ಯಾಪಾರಿ ಹುಂಡಿಯ ಮೇಲೇ ಅಡ್ಡಲಾಗಿ ಒಪ್ಪಿಗೆ ಬರೆದು ಸಹಿ ಹಾಕಬೇಕು, ಅಲ್ಲಿಂದ ಎಣಿಕೆ. ಅವಸರವಿದ್ದರೆ ವಟ್ಟ (ಮೊತ್ತದಲ್ಲಿ ಒಂದಿಷ್ಟು ಕಡಿತ) ಕೊಟ್ಟು ಮೊದಲೇ ಮುರಿಸಬಹುದು. ಒಪ್ಪದಿದ್ದರೆ ನೋಟರಿಯಿಂದ ಪ್ರೊಟೆಸ್ಟ್ (ಹುಂಡಿ ಒಪ್ಪಲಿಲ್ಲ ಅನ್ನೋ ದಾಖಲೆ) ಮಾಡಿಸಿ, ಹುಂಡಿ ಬರೆದ ಮದರಾಸಿನ ಮನೆಯ ಹತ್ತಿರವೇ ಬಡ್ಡಿ, ಖರ್ಚು ಸಮೇತ ವಸೂಲಿ. ಪಾಪ, ಅಷ್ಟರಲ್ಲಿ ಮನೆಬಾಡಿಗೆ, ಮಕ್ಕಳ ಸ್ಕೂಲ್ ಫೀ ಎಲ್ಲ ಬಾಕಿ.

ಹಳೇಕಡತ:
ವಿನಿಮಯ ದರವನ್ನೂ ಮರೀಬೇಡಿ. 1870ರ ಆರಂಭದಲ್ಲಿ ರೂಪಾಯಿಗೆ ಸುಮಾರು 2 ಶಿಲಿಂಗ್ (12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್). ರೂಪಾಯಿ ಬೆಳ್ಳಿ ನಾಣ್ಯ; ಬೆಳ್ಳಿ ಬೆಲೆ ಬಿದ್ದು, ಶತಮಾನದ ಕೊನೆಗೆ 1 ಶಿಲಿಂಗ್ 4 ಪೆನ್ಸ್. 100 ಪೌಂಡ್ ಕಳಿಸೋಕೆ 1,000 ರೂಪಾಯಿ ಸಾಕಾಗ್ತಿದ್ದದ್ದು 1,500 ಆಯ್ತು. ಮಧ್ಯದ ಮನೆಯೇ ಮುಳುಗಿದರೆ ಇನ್ನೂ ಕಷ್ಟ: 1906ರ ಅಕ್ಟೋಬರ್‌ನಲ್ಲಿ ಮದರಾಸಿನ ಅರ್ಬತ್‌ನಾಟ್ ಅನ್ನೋ ಅಂಥದೇ ಮನೆ ದಿವಾಳಿಯಾದಾಗ ಸಾವಿರಾರು ಠೇವಣಿದಾರರ ಉಳಿತಾಯ ಹೋಯ್ತು.